ಹತ್ತುವುದು, ಕೂರುವುದು

"ಇದು ಹತ್ತುತ್ತೆ, ಇದು ಕೂರುತ್ತೆ. ವ್ಯತ್ಯಾಸ ಅಂದ್ರೆ ಅಷ್ಟೇ ಅಕ್ಕಾ," ಎಂದು ನರ್ಸರಿಯವಳು ಎರಡು ಕುಂಡಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು, ಕೈಗೆ ಮೆತ್ತಿದ್ದ ಮಣ್ಣನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು.

ಎಡಗಡೆಯದು ಕಾಮಲತೆ. ಒಂದು ಗೇಣಿನ ಕಡ್ಡಿಗೆ ಸುತ್ತಿಕೊಂಡು, ಕಡ್ಡಿ ಮುಗಿದ ಮೇಲೂ ಹಟ ಬಿಡದೆ, ಇನ್ನೇನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ತುದಿ ಚಾಚಿ ತಡಕುತ್ತಿತ್ತು. ಎಲೆಗಳೋ, ಹಸಿರು ನೂಲನ್ನು ಬಾಚಿ ಬಿಟ್ಟ ಹಾಗೆ ಸಪೂರ. ಬಲಗಡೆಯ ಗಿಡಕ್ಕೆ ಕೋಚಿಯಾ ಎಂದು ಹೆಸರು. ಅದು ಯಾರ ಗೋಜಿಗೂ ಹೋಗದೆ ಕುಂಡದ ನಡುವೆ ಗುಂಡಗೆ, ಆಗ ತಾನೇ ತಲೆ ಬಾಚಿಸಿಕೊಂಡು ಬಂದ ಮಗುವಿನ ಹಾಗೆ ಕೂತಿತ್ತು.

ರಫೂ ಅಕ್ಕ ಎರಡನ್ನೂ ಬಟ್ಟೆಯನ್ನು ಮುಟ್ಟುವ ಹಾಗೆಯೇ ಮುಟ್ಟಿದಳು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಹರಿದ, ಸುಟ್ಟ, ನುಸಿ ತಿಂದ ಉಣ್ಣೆ ಬಟ್ಟೆಗಳಿಗೆ ರಫೂ ಹಾಕುವುದು ಅವಳ ಕಸುಬು. ಬಟ್ಟೆಯ ಒಳಮಡಿಕೆಯಿಂದಲೇ ನೂಲು ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಸೂಜಿಯಿಂದ ನೇಯ್ದು ಮುಚ್ಚಿಬಿಟ್ಟರೆ, ತೂತು ಎಲ್ಲಿತ್ತೆಂದು ಕೋಟಿನ ಒಡೆಯನೇ ಹುಡುಕಿ ಸೋಲಬೇಕು. ಮೂವತ್ತೊಂದು ವರ್ಷದಿಂದ ಲಾಂಡ್ರಿ ಅಂಗಡಿಯವರು ಅವಳ ಮನೆಗೇ ಬಟ್ಟೆ ತಂದುಕೊಟ್ಟು ಒಯ್ಯುತ್ತಿದ್ದರು. ಈ ಕೆಲಸದಲ್ಲಿ ಎತ್ತಿದ ಕೈ ಅವಳದು.

"ಯಾವುದು ಬೇಗ ಬೆಳೆಯುತ್ತೆ?" ಎಂದು ಕೇಳಿದಳು.

"ಬೇಗ ಅಂದ್ರೆ ಬಳ್ಳೀನೇ. ಬೀಜಾನ ಒಂದಿನ ನೀರಲ್ಲಿ ನೆನೆಹಾಕಿ ಊರಿದ್ರೆ ವಾರಕ್ಕೆಲ್ಲ ತಲೆ ಎತ್ತುತ್ತೆ. ಎರಡು ತಿಂಗಳಾಗೋಷ್ಟರಲ್ಲಿ ನಿಮಗೆ ಬೇಲಿ ಇತ್ತಾ ಅಂತಲೇ ಮರೆತುಹೋಗ್ಬೇಕು. ಮೇಲೆ ಕೆಂಪು ಹೂವು ಬೇರೆ, ಪುಟ್ಟ ಪುಟ್ಟ ನಕ್ಷತ್ರ. ಆದ್ರೆ ದಾರ ಕಟ್ಬೇಕು, ಆಸರೆ ಕೊಡ್ಬೇಕು. ಕೊಡದೇ ಹೋದ್ರೆ ಪಕ್ಕದ ಗಿಡದ ಕತ್ತು ಹಿಚುಕುತ್ತೆ. ಬೀಜ ಉದುರಿಸ್ಕೊಂಡು ಮುಂದಿನ ವರ್ಷ ಕರೀದೇನೇ ಬಂದು ಕೂರುತ್ತೆ."

"ಇದು?"

"ಇದು ಪಾಪದ್ದು. ಸೊಂಟದೆತ್ತರ ಬಂದು ಸಾಕಪ್ಪಾ ಅಂತ ನಿಲ್ಲುತ್ತೆ. ಹೂವು ಬಿಟ್ರೂ ಕಾಣಲ್ಲ, ಬರೀ ಹಸಿರು. ಕೊನೇಗೆ ಒಂದಷ್ಟು ದಿನ ಕೆಂಪಗಾಗಿ ಒಣಗಿಹೋಗುತ್ತೆ. ವರ್ಷ ವರ್ಷ ಹೊಸದು ಹಾಕ್ಬೇಕು. ಒಣಗಿದ್ದನ್ನ ಕಟ್ಟಿಟ್ರೆ ಪೊರಕೆ ಆಗುತ್ತೆ. ಸತ್ತ ಮೇಲೂ ಕಸ ಗುಡಿಸೋದು ತಪ್ಪಲಿಲ್ಲ ನೋಡಿ, ನಮ್ಮ ಹಾಗೆ!" ನರ್ಸರಿಯವಳು ತನ್ನ ಮಾತಿಗೆ ತಾನೇ ಮೈಯೆಲ್ಲ ಕುಲುಕಿಸಿ ನಕ್ಕಳು. ಆಮೇಲೆ, "ನಿಮಗೆ ಏತಕ್ಕೆ ಬೇಕು ಹೇಳ್ಬಿಡಿ. ನೋಡೋಕಾ, ಮರೆಗಾ?" ಎಂದಳು.

ರಫೂ ಅಕ್ಕ ಗಾಳಿಯಲ್ಲಿ ತಡಕುತ್ತಿದ್ದ ಬಳ್ಳಿಯ ತುದಿಯನ್ನು ಮತ್ತೆ ಕಡ್ಡಿಗೆ ಸುತ್ತುತ್ತಾ ನಿಂತಳು.

ಅವಳ ಮನೆಯ ಹಿತ್ತಿಲೂ ಗಡಿಯಾರ ರಿಪೇರಿ ಮಾಡುವವರ ಮನೆಯ ಹಿತ್ತಿಲೂ ಬೆನ್ನಿಗೆ ಬೆನ್ನು ಕೊಟ್ಟುಕೊಂಡಿವೆ. ನಡುವೆ ಆಳೆತ್ತರದ ಕಂಬಗಳಿಗೆ ಬಿಗಿದ ತಂತಿಯ ಬಲೆ. ಅವಳ ಕಡೆ ಮಣ್ಣು, ಅವರ ಕಡೆ ಸಿಮೆಂಟು. ಅವಳು ಕೆಲಸಕ್ಕೆ ಕೂರುವುದು ಹಿಂದಿನ ಕೋಣೆಯ ಕಿಟಕಿಯ ಬಳಿ. ಅವರು ಕೂರುವುದೂ ತಮ್ಮ ಹಿಂದಿನ ಕಿಟಕಿಯ ಬಳಿ. ಸಣ್ಣ ಕೆಲಸದವರಿಗೆಲ್ಲ ಬೇಕಾದದ್ದು ಕಣ್ಣು ಕುಕ್ಕದ ಸಮನಾದ ಬೆಳಕು, ಅದು ಎರಡೂ ಮನೆಗಳಲ್ಲಿ ಸಿಗುತ್ತಿದ್ದದ್ದು ಹಿಂಬದಿಯಲ್ಲೇ. ಕಿಟಕಿಯಿಂದ ಕಿಟಕಿಗೆ ಎಣಿಸಿದರೆ ಇಪ್ಪತ್ತೈದು ಹೆಜ್ಜೆ.

ಹನ್ನೊಂದು ತಿಂಗಳ ಹಿಂದೆ ಅವರು ಆ ಮನೆಗೆ ಬಾಡಿಗೆಗೆ ಬಂದಾಗ ಮೊದಲ ವಾರವೇ ಅವಳಿಗೆ ಕಸಿವಿಸಿಯಾಗಿತ್ತು. ಅರವತ್ತು ದಾಟಿದ ಸಣಕಲು ಆಳು, ಜೊತೆಗೆ ಯಾರೂ ಇಲ್ಲ. ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತರೆ ಕಲ್ಲಿನ ಹಾಗೆ. ಆದರೆ ಅರ್ಧ ಗಂಟೆಗೊಮ್ಮೆ, ಒಳಗಿನಿಂದ ಯಾರೋ ಬಡಿದು ಎಬ್ಬಿಸಿದವರಂತೆ, ಭೂತಗನ್ನಡಿ ತೆಗೆದಿಟ್ಟು ತಲೆ ಎತ್ತಿ ನೇರವಾಗಿ ಇವಳ ಕಿಟಕಿಯನ್ನೇ ನೋಡುತ್ತಿದ್ದರು. ಎರಡು ನಿಮಿಷ, ಕೆಲವೊಮ್ಮೆ ಮೂರು. ಆಮೇಲೆ ಮತ್ತೆ ಬಗ್ಗುತ್ತಿದ್ದರು. ವಯಸ್ಸಾದವರು, ನಾಚಿಕೆಯಾದರೂ ಬೇಡವೇ ಎಂದು ಅವಳು ಕಿಟಕಿಯ ಒಂದು ಬಾಗಿಲನ್ನು ರಪ್ಪನೆ ಎಳೆದುಕೊಂಡಳು. ಬೆಳಕು ಸಾಲದೆ ಸೂಜಿ ಬೆರಳಿಗೆ ಚುಚ್ಚಿತು. ಮೂರನೆಯ ದಿನ ಬಾಗಿಲು ತೆರೆದಳು, ಬೆಳಕಿಗಾಗಿ ಎಂದು ತನಗೆ ತಾನೇ ಹೇಳಿಕೊಂಡು.

ನಿಜ ಹೇಳಬೇಕೆಂದರೆ ಅವಳನ್ನು ಯಾರಾದರೂ ನೋಡಿ ಎರಡು ವರ್ಷವಾಗಿತ್ತು. ಅಮ್ಮ ಇದ್ದಾಗ ಅದೇ ಕೋಣೆಯ ಮಂಚದಲ್ಲಿ ಮಲಗಿಕೊಂಡು ಮಗಳು ಕೆಲಸ ಮಾಡುವುದನ್ನು ದಿನವಿಡೀ ನೋಡುತ್ತಿದ್ದಳು. ಕೂದಲು ಕಟ್ಕೋ, ಬೆನ್ನು ನೆಟ್ಟಗೆ ಇಟ್ಕೋ, ಬೆಳಗ್ಗೆಯಿಂದ ಅದೇ ಕರೀ ಕೋಟು ಹಿಡ್ಕೊಂಡಿದ್ದೀಯಲ್ಲೇ ಎಂದು ಒಂದೇ ಸಮ ಗೊಣಗಾಟ. ಆಗ ರೇಗುತ್ತಿತ್ತು. ಅಮ್ಮ ಹೋದ ಮೇಲೆ ಬೆನ್ನು ಬಾಗಿದರೂ ಕೇಳುವವರಿಲ್ಲ, ಕೂದಲು ಕೆದರಿದರೂ ಹೇಳುವವರಿಲ್ಲ. ತಂಗಿ ವಾರಕ್ಕೊಮ್ಮೆ ಫೋನು ಮಾಡಿ ತನ್ನ ಸೊಂಟನೋವಿನಿಂದ ಶುರು ಮಾಡಿ ಸೊಸೆಯ ಅಡುಗೆಯವರೆಗೆ ಹೇಳಿ ಮುಗಿಸಿ, "ಸರಿ, ನೀನು ಹುಷಾರು ತಾನೇ?" ಎಂದು ಇಡುತ್ತಿದ್ದಳು. ಹುಷಾರು ಎಂದು ಹೇಳುವುದರೊಳಗೆ ಫೋನು ಕಟ್ಟಾಗಿರುತ್ತಿತ್ತು.

ಹಾಗಿರುವಾಗ ಅರ್ಧ ಗಂಟೆಗೊಮ್ಮೆ ಎದ್ದು ಬರುವ ಆ ನೋಟ ಎಷ್ಟು ದಿನ ಕಸಿವಿಸಿಯಾಗಿಯೇ ಉಳಿಯಲು ಸಾಧ್ಯ? ಮೊದಲು ರೂಢಿಯಾಯಿತು, ಆಮೇಲೆ ಬೇಕಾಯಿತು. ಅವಳು ಕುರ್ಚಿಯನ್ನು ಒಂದು ಗೇಣು ಎಡಕ್ಕೆ ಸರಿಸಿದಳು, ಕಿಟಕಿಯ ನಟ್ಟನಡುವೆ ಬರುವ ಹಾಗೆ. ಭುಜದ ಹತ್ತಿರ ಪಿಸಿದಿದ್ದ ಹಳೆಯ ಸೀರೆಗಳನ್ನು ಮನೆಯೊಳಗೆ ಉಡುವುದನ್ನೂ ಬಿಟ್ಟಳು. ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ತಲೆ ಬಾಚಿಕೊಂಡು, ಕನ್ನಡಿಯಲ್ಲಿ ಎರಡನೆಯ ಸಲ ನೋಡಿಕೊಂಡು ಹೊರಡುವಳು. ಹೊರಡುವುದು ಎಲ್ಲಿಗೆ, ಪಕ್ಕದ ಕೋಣೆಗೆ! ಬೆವರು ಉಣ್ಣೆಗೆ ತಾಗದಿರಲೆಂದು ಬಲತೋಳಿಗೆ ಏರಿಸಿಕೊಳ್ಳುವ ಬಿಳಿ ಬಟ್ಟೆಯ ತೋಳುಚೀಲವನ್ನು ವಾರಕ್ಕೊಮ್ಮೆ ಒಗೆಯುತ್ತಿದ್ದವಳು ದಿನಾ ಒಗೆಯತೊಡಗಿದಳು. ಅವರು ತಲೆ ಎತ್ತಿದಾಗ ಇವಳೂ ತಲೆ ಎತ್ತುವಳು, ನೋಡಿಯೂ ನೋಡದ ಹಾಗೆ. ಐವತ್ತನಾಲ್ಕರ ವಯಸ್ಸಿನಲ್ಲಿ ಇದೆಲ್ಲ ಏನೆಂದು ಅವಳು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ. ಆದರೆ ಸಂತೋಷವಾಗಿದ್ದಳು. ಹನ್ನೊಂದು ತಿಂಗಳು ಅವಳು ಸಂತೋಷವಾಗಿದ್ದಳು.

ಹೋದ ವಾರ ಬೆಳಗ್ಗೆ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಅವರೇ ಬೇಲಿಯ ಹತ್ತಿರ ಬಂದು ನಿಂತರು. ಅವಳು ಒದ್ದೆ ಕೈಯಲ್ಲೇ ಕೂದಲು ಸವರಿಕೊಂಡಳು.

"ಅಮ್ಮಾ, ತಪ್ಪು ತಿಳ್ಕೋಬಾರದು. ಒಂದು ಮಾತು ಕೇಳ್ಬೇಕಿತ್ತು."

ಅಮ್ಮಾ ಎಂದದ್ದೇ ಸ್ವಲ್ಪ ಚುರುಕ್ಕೆಂದಿತು. ಇರಲಿ, ಮರ್ಯಾದಸ್ಥರು, ಮತ್ತೇನೆಂದು ಕರೆಯಬೇಕು ಎಂದುಕೊಂಡು, "ಹೇಳಿ ಸಾರ್," ಎಂದಳು.

"ಈ ಬೇಲಿ ಮೇಲೆ ಏನಾದ್ರೂ ಹಸಿರು ಬೆಳೆಸೋಕಾಗುತ್ತಾ? ನಿಮ್ಮ ಕಡೆ ಮಣ್ಣಿದೆ, ನನ್ನ ಕಡೆ ಬರೀ ಸಿಮೆಂಟು. ಕಣ್ಣಿನ ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಅರ್ಧ ಗಂಟೆಗೊಂದ್ಸಲ ಕೆಲಸ ಬಿಟ್ಟು ದೂರ ನೋಡ್ಬೇಕು, ಹಸಿರು ಇದ್ರೆ ಇನ್ನೂ ಒಳ್ಳೇದು ಅಂತ. ಇಷ್ಟು ದಿನ ನಿಮ್ಮ ಕಿಟಕಿಯ ಆ ಹಸಿರು ಬಾಗಿಲನ್ನೇ ನೋಡ್ಕೊಂಡು ಕಾಲ ಹಾಕ್ತಿದ್ದೆ." ಅವರು ನಕ್ಕರು. "ಈಗ ಅದರ ಬಣ್ಣ ಬೇರೆ ಹೋಗ್ತಾ ಬಂತು, ಬೂದು ಬೂದು ಕಾಣುತ್ತೆ. ಇಲ್ಲಿಂದ ನನಗೆ ಬಣ್ಣ ಬಿಟ್ರೆ ಇನ್ನೇನೂ ತಿಳಿಯಲ್ಲ, ನೋಡಿ. ದೂರದ್ದೆಲ್ಲ ಮಸುಕು. ಮನುಷ್ಯರು ನಿಂತಿದ್ರೂ ಗೊತ್ತಾಗಲ್ಲ."

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗಾಯಿತು ಅವಳಿಗೆ. ಆದರೂ ಮುಖದಲ್ಲಿ ನಗು ಉಳಿಸಿಕೊಂಡು, "ಅದಕ್ಕೇನಂತೆ, ಹಾಕೋಣ ಬಿಡಿ," ಎಂದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದಳು. ಒಳಗೆ ಬಂದವಳು ಮೊದಲು ಮಾಡಿದ ಕೆಲಸ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿದ್ದು. ಮರದ ಬಾಗಿಲು! ಹನ್ನೊಂದು ತಿಂಗಳು ತಾನು ತಲೆ ಬಾಚಿಕೊಂಡದ್ದು ಒಂದು ಮರದ ಬಾಗಿಲಿನ ಪಕ್ಕ ಕೂರಲಿಕ್ಕೆ. ತನಗೆ ಯಾರೂ ಮೋಸ ಮಾಡಿರಲಿಲ್ಲ, ಬಯ್ಯೋಣವೆಂದರೆ ಒಬ್ಬರೂ ಸಿಗಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಅಕ್ಕಾ, ನಿದ್ದೆ ಬಂತಾ?" ಎಂದಳು ನರ್ಸರಿಯವಳು. "ನೋಡೋಕಾ, ಮರೆಗಾ?"

"ಮರೆಗೆ," ಎಂದಳು ರಫೂ ಅಕ್ಕ.

ಕಾಮಲತೆಯ ಬೀಜಗಳು ಕರ್ರಗೆ, ಉದ್ದುದ್ದವಾಗಿದ್ದವು. ಅವಳು ಅವನ್ನು ಒಂದು ದಿನ ಲೋಟದ ನೀರಿನಲ್ಲಿ ನೆನೆಹಾಕಿ, ಬೇಲಿಯುದ್ದಕ್ಕೂ ಗೇಣಿಗೊಂದರಂತೆ ಊರಿದಳು. ಆರನೆಯ ದಿನ ಮೊಳಕೆ ಬಂತು. ಮೊದಲ ಎಲೆಗಳು ಬಾಯಿ ತೆರೆದ ಕತ್ತರಿಯ ಹಾಗೆ ಕವಲೊಡೆದಿದ್ದವು. ಕೋಟಿನ ಬಟ್ಟೆ ಹೊಲಿಯುವ ಗಟ್ಟಿ ದಾರವನ್ನೇ ಕಂಬದಿಂದ ಕಂಬಕ್ಕೆ, ಮೇಲಿಂದ ಕೆಳಕ್ಕೆ ಕಟ್ಟಿದಳು. ಕಟ್ಟುವಾಗ ಕೈ ತಾನಾಗಿಯೇ ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಹಿಡಿಯಿತು, ದೊಡ್ಡದೊಂದು ತೂತಿಗೆ ರಫೂ ಹಾಕುವವಳಂತೆ. ಬೆಳೀ, ಬೇಗ ಬೆಳೀ ಎಂದು ಬಳ್ಳಿಗೆ ಬಾಯಿಬಿಟ್ಟು ಹೇಳಿದಳು. ಅವರಿಗೆ ಬೇಕಾದ ಹಸಿರು ಅವರಿಗೆ ಸಿಗಲಿ, ತನ್ನ ನಾಚಿಕೆ ತನ್ನ ಕಡೆ ಉಳಿಯಲಿ.

ಬಳ್ಳಿ ಹೇಳಿದ ಮಾತು ಕೇಳಿತು. ಮೂರನೆಯ ವಾರಕ್ಕೆ ಮೊಣಕಾಲೆತ್ತರ, ಐದನೆಯ ವಾರಕ್ಕೆ ಎದೆಯೆತ್ತರ. ಒಂದು ಕುಡಿ ಇನ್ನೊಂದರ ಹೆಗಲ ಮೇಲೆ ಕಾಲಿಟ್ಟು ಏರುವುದು ನೋಡಿದರೆ ಸಂತೆಯಲ್ಲಿ ನೂಕಾಡುವ ಜನರ ನೆನಪಾಗುತ್ತಿತ್ತು. ಮೊದಲು ಅವರ ಮೇಜು ಮರೆಯಾಯಿತು, ಆಮೇಲೆ ಕೈಗಳು, ಆಮೇಲೆ ಭುಜ. ಏಳನೆಯ ವಾರದ ಒಂದು ಬೆಳಗ್ಗೆ ಅವಳು ಕಿಟಕಿ ತೆರೆದಾಗ ಎದುರಿಗೆ ಹಸಿರು ಗೋಡೆಯೊಂದೇ ಇತ್ತು. ಅದರ ಮೇಲೆ ಮೂರೇ ಮೂರು ಕೆಂಪು ಹೂವು.

"ಅಬ್ಬ, ಮುಗೀತು," ಎಂದು ಗಟ್ಟಿಯಾಗಿಯೇ ಅಂದುಕೊಂಡು ಕೆಲಸಕ್ಕೆ ಕೂತಳು. ಹಳೆಯ ಸೀರೆ ಉಟ್ಟಿದ್ದಳು. ತಲೆ ಬಾಚಿರಲಿಲ್ಲ.

ಅಂದಿನಿಂದ ಕೆಲಸ ಓಡಿತು, ಓಡಿದ್ದೇ ತಪ್ಪಾಯಿತು. ನಡುವೆ ತಲೆ ಎತ್ತಲು ಏನೂ ಕಾರಣವಿರಲಿಲ್ಲ. ಬೆಳಗ್ಗೆ ಬಗ್ಗಿಸಿದ ಕತ್ತನ್ನು ಮಧ್ಯಾಹ್ನದ ಊಟಕ್ಕೇ ಎತ್ತುವಳು. ಸಂಜೆಯ ಹೊತ್ತಿಗೆ ಹುಬ್ಬುಗಳ ಹಿಂದೆ ಏನೋ ಬಿಗಿದಂತೆ ನೋವು. ಮನೆಯಲ್ಲಿ ಸದ್ದೆಂದರೆ ಅವಳದೇ ಬಳೆಯ ಸದ್ದು. ಕೆಲವು ದಿನ ಲಾಂಡ್ರಿಯವನು ಬಂದು ಬಾಗಿಲು ತಟ್ಟಿದಾಗ ಮಾತಾಡಲು ಹೋದರೆ ದನಿಯೇ ಹೊರಡದೆ ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಲಾಂಡ್ರಿಯವನೇ ಒಂದು ದಿನ, ರಫೂ ಹಾಕಿಸಿಕೊಂಡು ಒಯ್ದಿದ್ದ ಕೋಟನ್ನು ವಾಪಸು ತಂದ. ಬೂದು ಬಣ್ಣದ ಕೋಟು, ಮೊಣಕೈ ಹತ್ತಿರ ಸಿಗರೇಟಿನ ಕಿಡಿ ಬಿದ್ದು ಸುಟ್ಟದ್ದು. ಮೇಜಿನ ಮೇಲೆ ಹರಡಿ, ರಫೂ ಹಾಕಿದ ಜಾಗದ ಮೇಲೆ ನೇರವಾಗಿ ಬೆರಳಿಟ್ಟ. ಹುಡುಕಲಿಲ್ಲ. ಹುಡುಕುವ ಅಗತ್ಯವೇ ಬೀಳಲಿಲ್ಲ.

"ಅಕ್ಕಾ, ಕಾಣ್ತಿದೆ," ಎಂದ, ಕೆಟ್ಟ ಸುದ್ದಿ ತಂದವನ ದನಿಯಲ್ಲಿ.

ಅವಳು ಕೋಟನ್ನು ಬೆಳಕಿಗೆ ಹಿಡಿದಳು. ಎರಡು ನೂಲು ಅಡ್ಡ ಬಿದ್ದಿದ್ದವು. ಒಂದು ಕಡೆ ಮೇಲೆ ಹೋಗಬೇಕಾದದ್ದು ಕೆಳಗೆ ಹೋಗಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥದ್ದು ಇದೇ ಮೊದಲು.

"ಬಿಚ್ಚಿ ಮತ್ತೆ ಹಾಕಿಕೊಡ್ತೀನಿ. ನಾಳೆ ಬಾ."

"ಆತುರ ಏನಿಲ್ಲ ಬಿಡಿ. ಆದ್ರೆ ಕಣ್ಣು ತೋರಿಸ್ಕೊಳ್ಳಿ ಅಕ್ಕಾ. ನಮ್ಮ ಮಾವ ಚಿನ್ನದ ಕೆಲಸ ಮಾಡ್ತಿದ್ರು, ಅವರಿಗೂ ಹೀಗೇ ಆಗಿತ್ತು. ಹತ್ತಿರದ್ದನ್ನೇ ನೋಡ್ತಾ ಕೂರಬಾರದಂತೆ. ಆಗಾಗ ತಲೆ ಎತ್ತಿ ದೂರ ನೋಡ್ಬೇಕಂತೆ."

ರಫೂ ಅಕ್ಕ ನಗತೊಡಗಿದಳು. ಲಾಂಡ್ರಿಯವನು ಮೊದಲು ತಾನೂ ನಕ್ಕ, ಆಮೇಲೆ ಗಾಬರಿಯಾದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಏನಿಲ್ಲ ಹೋಗಪ್ಪಾ, ನಿನ್ನ ಮಾವ ಹೇಳಿದ್ದು ಸರಿ," ಎಂದು ಅವನನ್ನು ಕಳಿಸಿಕೊಟ್ಟಳು.

ಅವನು ಹೋದ ಮೇಲೆ ಕಿಟಕಿಯ ಬಳಿ ನಿಂತಳು. ಅವರು ತಲೆ ಎತ್ತಿದಾಗಲೆಲ್ಲ ತಾನೂ ತಲೆ ಎತ್ತುತ್ತಿದ್ದಳು. ಇಪ್ಪತ್ತೈದು ಹೆಜ್ಜೆ ದೂರ, ದಿನಕ್ಕೆ ಹದಿನಾರು ಹದಿನೇಳು ಸಲ. ಅವರು ಮರದ ಬಾಗಿಲನ್ನು ನೋಡಿ ಕಣ್ಣು ತಂಪು ಮಾಡಿಕೊಂಡರೆ, ತಾನು ಅವರನ್ನು ನೋಡಿ ಮಾಡಿಕೊಂಡಿದ್ದಳು. ಇದೇ ಕಸುಬಿನಲ್ಲಿ ತಲೆ ನರೆತವಳಿಗೆ, ಕಣ್ಣಿಗೆ ದೂರ ಬೇಕೆಂಬ ಸಣ್ಣ ಸಂಗತಿ ಹೊಳೆಯಲೇ ಇಲ್ಲವಲ್ಲ! ಬೇರೆ ಯಾರಾದರೂ ಆಗಿದ್ದರೆ ಮೂರ್ಖತನ ಅನ್ನಬಹುದಿತ್ತು. ಅವಳಿಗೆ ಅನ್ನಲು ಮನಸ್ಸು ಬರಲಿಲ್ಲ. ಈಗ ದೂರವೆಂಬುದು ಬೇಲಿಗೆ ಬಂದು ನಿಂತಿತ್ತು, ಕಿಟಕಿಯಿಂದ ಹನ್ನೆರಡು ಹೆಜ್ಜೆಗೆ.

ಮರುದಿನ ಬೆಳಗ್ಗೆ, ಕೋಟು ಬಿಚ್ಚಿ ಮತ್ತೆ ನೇಯಲು ಶುರು ಮಾಡಿದವಳು, ಕತ್ತು ಹಿಡಿದುಕೊಂಡಿತೆಂದು ಎದ್ದು ಬೇಲಿಯ ಕಡೆ ಹೋದಳು. ಕುಡಿಗಳು ಕಂಬದ ತುದಿ ಮೀರಿ, ಹಿಡಿಯಲು ಏನೂ ಸಿಗದೆ ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು. ಒಂದನ್ನು ಬಿಡಿಸುತ್ತಿರುವಾಗ ಎಲೆಗಳ ಆಚೆಯಿಂದ ದನಿ ಬಂತು.

"ಯಾರು, ಅಮ್ಮನೋರಾ?"

ಅವಳು ಬೆಚ್ಚಿದಳು. ಅವರು ಅಷ್ಟು ಹತ್ತಿರ ಇದ್ದರೂ ಕಾಣುತ್ತಿರಲಿಲ್ಲ. ಬಳ್ಳಿ ಅಷ್ಟು ದಟ್ಟವಾಗಿತ್ತು.

"ಹೌದು ಸಾರ್."

"ಬಳ್ಳಿ ಬಹಳ ಚೆನ್ನಾಗಿ ಬಂದಿದೆ. ಹೂವಂತೂ ಹೇಳೋದೇ ಬೇಡ." ಆಮೇಲೆ, "ನಾನೇ ಕೇಳಿ ಹಾಕಿಸಿದ್ದು, ಈಗ ನಾನೇ ತಕರಾರು ಮಾಡಿದ್ರೆ ನೀವು ನಗ್ತೀರ," ಎಂದರು.

"ಇಲ್ಲ, ಹೇಳಿ."

"ಹತ್ತಿರ ಆಯ್ತೇನೋ ಅನ್ಸುತ್ತೆ. ಕಣ್ಣು ಹೋಗಿ ಅಲ್ಲೇ ತಡೆದು ನಿಂತುಬಿಡುತ್ತೆ. ಮತ್ತೆ ಇನ್ನೊಂದು... ನಿಮ್ಮ ಕಿಟಕೀಲಿ ಒಂದು ಬಿಳಿ ಪರದೆ ಇತ್ತಲ್ಲ, ಬಳ್ಳಿ ಅಡ್ಡ ಬಂದು ಈಗ ಕಾಣ್ತಾನೇ ಇಲ್ಲ. ಇನ್ನೂ ಇದೆಯಾ, ತೆಗೆದುಬಿಟ್ರಾ?"

"ಬಿಳಿ ಪರದೆ?"

"ಚಿಕ್ಕದು. ಏಳೋದು, ಇಳಿಯೋದು. ಏಳೋದು, ಇಳಿಯೋದು. ನನಗೆ ಮಸುಕಾಗಿ ಅಷ್ಟೇ ಕಾಣ್ತಿತ್ತು. ಬಾಗಿಲ ಹಸಿರು ನೋಡೋಕೆ ಅಂತ ತಲೆ ಎತ್ತಿದ್ರೂ ಕಣ್ಣು ಅದರ ಮೇಲೇ ಹೋಗ್ತಿತ್ತು. ಗಾಳಿ ಒಂಚೂರೂ ಇಲ್ದೇ ಇರೋ ದಿನಾನೂ ಆಡ್ತಿತ್ತು, ಅದೇ ಆಶ್ಚರ್ಯ ನನಗೆ. ಒಂದು ಗಡಿಯಾರ ಹಟ ಹಿಡಿದು ಕೂತು ತಲೆ ಕೆಟ್ಟುಹೋದಾಗ ಎರಡು ನಿಮಿಷ ಅದನ್ನ ನೋಡಿದ್ರೆ ಕೈ ನಡುಕ ನಿಲ್ಲೋದು. ಮಧ್ಯಾಹ್ನ ಒಂದು ಗಂಟೆಗೆ ಅದು ನಿಂತುಹೋಗೋದು. ಆಗ ನಾನೂ ಊಟಕ್ಕೆ ಏಳ್ತಿದ್ದೆ." ಅವರು ನಕ್ಕರು, ಮುಜುಗರದ ನಗು. "ಕೋಣೆ ತುಂಬ ಗಡಿಯಾರ ಇಟ್ಕೊಂಡು ಪರದೆ ನೋಡಿ ಊಟಕ್ಕೆ ಏಳೋನು ನಾನೊಬ್ಬನೇ ಇರ್ಬೇಕು. ಒಬ್ಬನೇ ಇದ್ರೆ ಹೀಗೇ, ಏನೇನೋ ಅಭ್ಯಾಸ ಆಗುತ್ತೆ."

ರಫೂ ಅಕ್ಕ ತನ್ನ ಬಲತೋಳನ್ನು ನೋಡಿಕೊಂಡಳು. ಬಿಳಿ ತೋಳುಚೀಲ ಇನ್ನೂ ತೋಳಿಗೇ ಇತ್ತು. ಮೊಳದುದ್ದದ ನೂಲು, ಸೂಜಿ ಚುಚ್ಚಿ ಎಳೆದರೆ ಕೈ ಮುಖದ ಎತ್ತರಕ್ಕೆ ಏಳುತ್ತದೆ, ಮತ್ತೆ ಮಡಿಲಿಗೆ ಇಳಿಯುತ್ತದೆ. ಅದು ನನ್ನ ಕೈ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅವಳು ಅದನ್ನು ನುಂಗಿಕೊಂಡಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಛೆ ಛೆ, ತಪ್ಪಾಯ್ತು ಅಮ್ಮಾ ಎಂದು ಕೈ ಮುಗಿಯುತ್ತಾರೆ. ಮರ್ಯಾದಸ್ಥರು. ಕೆಲಸ ಮಾಡುತ್ತಾ ಕೂತ ಪರಹೆಂಗಸನ್ನು ತಾವು ಅಷ್ಟು ದಿನ ದಿಟ್ಟಿಸಿ ನೋಡಿದೆವಲ್ಲ ಎಂದು ಕುಗ್ಗಿ, ನಾಳೆಯಿಂದಲೇ ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಮರದ ಬಾಗಿಲನ್ನೂ ನೋಡುವವರಿರುವುದಿಲ್ಲ. ಅವಳು ಒಂದು ಕುಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ಪರದೆ ಇದೆ ಸಾರ್," ಎಂದಳು. "ತೆಗೆದಿಲ್ಲ."

ಆ ಮಧ್ಯಾಹ್ನ ಕತ್ತರಿ ತಂದು, ಕಂಬದಿಂದ ಕಂಬಕ್ಕೆ ಕಟ್ಟಿದ ದಾರಗಳನ್ನು ಒಂದೊಂದಾಗಿ ಕತ್ತರಿಸಿದಳು. ಬಳ್ಳಿ ಹೂವಿನ ಸಮೇತ ಹಾಸಿಗೆ ಸುರುಳಿಯಂತೆ ಮಡಿಸಿಕೊಂಡು ಕಾಲ ಬಳಿ ಬಿತ್ತು. ಅಷ್ಟು ಹೂವನ್ನು ತುಳಿಯಲು ಮನಸ್ಸು ಬಾರದೆ ಕಾಲು ಹಿಂದಕ್ಕೆ ತೆಗೆದುಕೊಂಡಳು. ಅವರು ಆಚೆಯಿಂದ, "ಅಯ್ಯೋ, ನಾನು ಸುಮ್ನೆ ಅಂದೆ ಅಮ್ಮಾ! ಅದಕ್ಕೋಸ್ಕರ ಕೀಳ್ತಿದ್ದೀರಾ?" ಎಂದು ಕೈ ಕೈ ಹಿಸುಕಿಕೊಂಡರು.

"ಇಲ್ಲ ಸಾರ್, ಹುಳ ಬಿದ್ದಿತ್ತು," ಎಂದು ಅವಳು ಹಸಿ ಸುಳ್ಳು ಹೇಳಿದಳು. ಹಸಿರು ರಾಶಿಯಲ್ಲಿ ಒಂದಾದರೂ ಹುಳವಿರಲಿಲ್ಲ.

ನರ್ಸರಿಯವಳು ಅವಳನ್ನು ನೋಡಿ ಕಣ್ಣರಳಿಸಿದಳು. "ಏನಕ್ಕಾ, ಹತ್ತಿದ್ದು ಸಾಕಾಯ್ತಾ?"

"ಕೂರೋದನ್ನ ಕೊಡು. ಬೆಳೆದಿರೋದನ್ನೇ ಕೊಡು, ಎಂಟು ಗಿಡ."

"ಇದು ಮರೆ ಆಗಲ್ಲ ನೋಡಿ, ಆಮೇಲೆ ನನ್ನ ಬಯ್ಯಬಾರದು. ಸೊಂಟದ ಮೇಲೆಲ್ಲ ಬಟ್ಟ ಬಯಲು."

"ಆಗದಿದ್ರೆ ಬೇಡ."

"ಹೂವೂ ಇಲ್ಲ."

"ಹೂವು ಯಾರಿಗೆ ಬೇಕು?"

"ಮುಂದಿನ ವರ್ಷ ಮತ್ತೆ ಹಾಕ್ಬೇಕು."

"ಮತ್ತೆ ಬರ್ತೀನಿ. ಪ್ರತಿ ವರ್ಷ ಬರ್ತೀನಿ, ಸಾಕಾ?"

ನರ್ಸರಿಯವಳು ಅವಳ ಮುಖ ನೋಡಿ, ಎಂಟು ಗಿಡ ಆರಿಸಿ, ಬೇರಿಗೆ ಒದ್ದೆ ಬಟ್ಟೆ ಸುತ್ತಿಕೊಟ್ಟಳು. ದಾರಿಯಲ್ಲಿ ರಫೂ ಅಕ್ಕ ಬಣ್ಣದ ಅಂಗಡಿಗೂ ಹೋದಳು. ಅಂಗಡಿಯವನು ಹಸಿರಿನಲ್ಲೇ ಆರು ಬಗೆ ತೋರಿಸಿದಾಗ, "ದೂರಕ್ಕೆ ಕಾಣೋದು ಯಾವುದು?" ಎಂದು ಕೇಳಿ ಅದರದೊಂದು ಸಣ್ಣ ಡಬ್ಬಿ ತಂದಳು. ಕಿಟಕಿಯ ಬಾಗಿಲಿಗೆ ಎರಡು ಕೈ ಬಳಿದಳು. ಬಣ್ಣದ ವಾಸನೆಗೆ ಒಂದು ದಿನ ತಲೆ ಸುತ್ತಿತು.

ಕೋಚಿಯಾ ನರ್ಸರಿಯವಳು ಹೇಳಿದ ಹಾಗೆಯೇ ಬೇಲಿಯ ಬುಡದಲ್ಲಿ ಸಾಲಾಗಿ ಕೂತು, ಸೊಂಟದೆತ್ತರ ಬಂದು ನಿಂತಿತು. ಮೇಲಕ್ಕೆ ತಂತಿಯ ಬಲೆ, ಅದರಾಚೆ ಸಿಮೆಂಟು, ಅದರಾಚೆ ಕಿಟಕಿ. ಉದುರಿದ್ದ ಕಾಮಲತೆಯ ಬೀಜ ಮಾತ್ರ ಸುಮ್ಮನಿರಲಿಲ್ಲ. ಗಿಡಗಳ ನಡುವೆ ಒಂದಲ್ಲ ಒಂದು ಕಡೆ ಕತ್ತರಿ ಎಲೆ ತಲೆ ಎತ್ತುತ್ತಿತ್ತು. ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಅವಳು ಬೇಲಿಯುದ್ದಕ್ಕೂ ಬಗ್ಗಿ ನಡೆದು, ಮೊಳಕೆಗಳನ್ನು ಉಗುರಿನಿಂದ ಚಿವುಟಿ ತೆಗೆಯುವಳು. ಆಮೇಲೆ ಕೈ ತೊಳೆದು, ಒಗೆದು ಒಣಗಿಸಿದ ಬಿಳಿ ತೋಳುಚೀಲ ಏರಿಸಿಕೊಳ್ಳುವಳು. ತಲೆ ಬಾಚಿಕೊಳ್ಳುವುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪರದೆಗೆ ತಲೆ ಎಲ್ಲಿರುತ್ತದೆ?

ಬೂದು ಕೋಟನ್ನು ಲಾಂಡ್ರಿಯವನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಕೊನೆಗೂ ಜಾಗ ಸಿಗದೆ ಒಯ್ದಿದ್ದ. ಇಂದು ಮಡಿಲಲ್ಲಿದ್ದದ್ದು ಯಾವುದೋ ಮದುಮಗನ ಕಪ್ಪು ಕೋಟು, ಕಾಲರಿನ ಹತ್ತಿರ ನುಸಿ ತಿಂದದ್ದು. ಅವಳು ಒಳಮಡಿಕೆಯಿಂದ ಒಂದು ನೂಲನ್ನು ಬಿಡಿಸಿ ಸೂಜಿಗೆ ಏರಿಸಿದಳು. ಆಚೆಯ ಕಿಟಕಿಯಲ್ಲಿ ಭೂತಗನ್ನಡಿ ಮೇಜಿನ ಮೇಲೆ ಇಳಿಯಿತು, ತಲೆ ಎದ್ದಿತು. ಅವಳು ಸೂಜಿ ಚುಚ್ಚಿ ಎಳೆದಳು. ನೂಲು ಪೂರ್ತಿ ಹೊರಗೆ ಬಂದು ಬಿಗಿಯಾದ ಮೇಲೂ ಅವಳ ಕೈ ಅಲ್ಲಿಗೇ ನಿಲ್ಲದೆ, ಮುಖ ದಾಟಿ, ತಲೆಯ ಎತ್ತರ ದಾಟಿ, ಮೆಲ್ಲಗೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಯಿತು, ಆಮೇಲೆ ಅಷ್ಟೇ ಮೆಲ್ಲಗೆ ಇಳಿಯಿತು. ಗಾಳಿ ಇರಲಿಲ್ಲ.